ಲಿಫ್ಟಿಗೆ ಸೊನ್ನೆ ಕೊಟ್ಟವರಿಗೆ

ಪಾಠ ಮಾರ್ಗಸೂಚಿ ಮತ್ತು ಉತ್ತರ ಸೂಚಿ ಕಚೇರಿಯ ಮುಖ್ಯಾಧಿಕಾರಿಗಳಾದ ಮಾನ್ಯರೇ,

ನನ್ನ ದೂರು ಇಷ್ಟೇ. ಒಂಬತ್ತನೇ ತರಗತಿಯ ಭೌತಶಾಸ್ತ್ರದ ಅರ್ಧವಾರ್ಷಿಕ ಪರೀಕ್ಷೆಯಲ್ಲಿ ನೀವು ಲಿಫ್ಟಿನ ಬಗ್ಗೆ ಒಂದು ದೊಡ್ಡ ಪ್ರಶ್ನೆ ಕೇಳಿದಿರಿ. ಲಿಫ್ಟ್ ಹತ್ತಿ, ಅದರೊಳಗೆ ತೂಕದ ಯಂತ್ರವಿಟ್ಟು, ಮುಳ್ಳು ಎತ್ತ ಓಡುತ್ತದೆಂದು ಕಣ್ಣಾರೆ ಕಂಡು ಬಂದು ಉತ್ತರ ಬರೆದ ನಮ್ಮ ಮಕ್ಕಳಿಗೆ ಅದರಲ್ಲಿ ಸೊನ್ನೆ ಬಂತು. ನಾವು ಲಿಫ್ಟ್ ಹತ್ತಿದ ದಿನ ಜ್ವರವೆಂದು ಮನೆಯಲ್ಲಿ ಮಲಗಿದ್ದ ಒಬ್ಬ ಹುಡುಗನಿಗೆ ಪೂರ್ಣಾಂಕ ಬಂತು. ಅವನು ಇವತ್ತಿನವರೆಗೂ ಲಿಫ್ಟಿನೊಳಗೆ ಕಾಲಿಟ್ಟವನಲ್ಲ. ಕೇಳಿದರೆ ಭಯ ಅನ್ನುತ್ತಾನೆ. ಜ್ವರಕ್ಕೆ ಇಂಥ ಶೈಕ್ಷಣಿಕ ಪ್ರಯೋಜನವಿದೆ ಎಂದು ಮೊದಲೇ ತಿಳಿದಿದ್ದರೆ ಇಡೀ ತರಗತಿಯನ್ನು ಮಳೆಯಲ್ಲಿ ನೆನೆಸಿ ಮನೆಗೆ ಕಳಿಸಿಬಿಡುತ್ತಿದ್ದೆ.

ನಾನು ಯಾರೆಂದು ಹೇಳಿಬಿಡುತ್ತೇನೆ, ನಿಮ್ಮ ಕಡತಕ್ಕೆ ಅನುಕೂಲವಾಗಲಿ. ನಾನು ಭೌತಶಾಸ್ತ್ರದವನಲ್ಲ. ಸಂಧಿ, ಸಮಾಸ, ವಿಭಕ್ತಿ ಪ್ರತ್ಯಯಗಳನ್ನು ಕಲಿಸುತ್ತ ತಲೆ ನರೆಸಿಕೊಂಡ ಭಾಷೆಯ ಮೇಷ್ಟ್ರು. ಮೈ ಸಣಕಲು, ಆದ್ದರಿಂದ ಮಕ್ಕಳು ನನಗೆ ಅಲ್ಪಪ್ರಾಣ ಎಂದು ಹೆಸರಿಟ್ಟಿದ್ದಾರೆ. ನಮ್ಮ ಮುಖ್ಯೋಪಾಧ್ಯಾಯರು ಬಾಗಿಲಲ್ಲಿ ಓರೆಯಾಗಿ ಬರಬೇಕಾದ ಗಾತ್ರದವರು, ಅವರು ಮಹಾಪ್ರಾಣ. ನಾನು ಕಲಿಸಿದ ವ್ಯಾಕರಣ ಮಕ್ಕಳ ತಲೆಗೆ ಹತ್ತಿದೆ ಎನ್ನುವುದಕ್ಕೆ ಬೇರೆ ಪುರಾವೆ ಬೇಕೆ?

ಈ ಸಾಲಿನ ತರಗತಿಗಳು ಶುರುವಾದ ಹೊಸದರಲ್ಲೇ ನಮ್ಮ ಭೌತಶಾಸ್ತ್ರದ ಮೇಡಂ ಹೆರಿಗೆ ರಜೆಗೆ ಹೋದರು. ಬದಲಿ ಶಿಕ್ಷಕರನ್ನು ಕೊಡಿ ಎಂದು ಶಾಲೆಯಿಂದ ನಿಮಗೆ ಮನವಿ ಹೋಯಿತು. ಮಾರ್ಗಸೂಚಿಯು ಸ್ವಯಂಪೂರ್ಣವಾಗಿದ್ದು, ಓದಲು ಬಲ್ಲ ಯಾವುದೇ ಶಿಕ್ಷಕರು ಅದನ್ನು ಓದಿ ಪಾಠ ಮಾಡಬಹುದಾಗಿದೆ ಎಂದು ನೀವು ಉತ್ತರ ಕೊಟ್ಟಿರಿ. ಓದಲು ಬಲ್ಲವರು ಯಾರಿದ್ದಾರೆಂದು ಹುಡುಕಿದಾಗ ಮುಖ್ಯೋಪಾಧ್ಯಾಯರ ಕೈಗೆ ಸಿಕ್ಕವನು ನಾನು.

“ನಂಗೆ ಫಿಸಿಕ್ಸ್ ಬರಲ್ಲ ಸರ್,” ಎಂದೆ.

“ಬರಬೇಕು ಅಂತ ಯಾರಂದ್ರು?” ಎಂದರು ಅವರು. “ಪಾಠ ಮಾಡೋದೇನಿಲ್ಲ ಮೇಷ್ಟ್ರೇ, ಓದೋದು ಅಷ್ಟೇ. ನಿಮ್ಮ ಉಚ್ಚಾರಣೆ ಸ್ಪಷ್ಟವಾಗಿದೆ. ನಂಗೆ ಅಷ್ಟು ಸಾಕು.”

ಹೀಗೆ ನಾನು ನಿಮ್ಮ ಮಾರ್ಗಸೂಚಿಯನ್ನು ಕೈಗೆತ್ತಿಕೊಂಡೆ. ಮಾನ್ಯರೇ, ಎಷ್ಟೋ ಬಗೆಯ ಪುಸ್ತಕ ಓದಿದ್ದೇನೆ. ಓದುವವನು ಎಲ್ಲಿ ನಗಬೇಕೆಂದು ಹೇಳಿಕೊಡುವ ಪುಸ್ತಕವನ್ನು ಕಂಡದ್ದು ಅದೇ ಮೊದಲು. ‘ಶಿಕ್ಷಕರು ಇಲ್ಲಿ ಮುಗುಳ್ನಗುವುದು.’ ‘ಶಿಕ್ಷಕರು ಸಂದೇಹಗಳಿವೆಯೇ ಎಂದು ಕೇಳುವುದು. ವಿದ್ಯಾರ್ಥಿಗಳು ಇಲ್ಲ ಎನ್ನುವುದು.’ ಎಷ್ಟು ನಿಶ್ಚಿಂತೆಯ ಬರವಣಿಗೆ! ಒಂದು ವೇಳೆ ವಿದ್ಯಾರ್ಥಿಗಳು ಇದೆ ಅಂದರೆ? ಅದಕ್ಕೂ ಅಡಿಟಿಪ್ಪಣಿಯಲ್ಲಿ ಮದ್ದಿದೆ: ‘ಇದನ್ನು ಮುಂದಿನ ತರಗತಿಯಲ್ಲಿ ಕಲಿಯುವಿರಿ ಎಂದು ತಿಳಿಸುವುದು.’ ಮಾರ್ಗಸೂಚಿಯಲ್ಲಿ ಇಲ್ಲದ ಯಾವ ಚಟುವಟಿಕೆಯನ್ನೂ ಮಾಡಿಸಕೂಡದು ಎಂಬ ಎಚ್ಚರಿಕೆ ಪ್ರತಿ ಅಧ್ಯಾಯದ ತಲೆಯ ಮೇಲೂ ಇದೆ. ನಮ್ಮ ಪ್ರಯೋಗಾಲಯದ ಬೀರುವಿನಲ್ಲಿ ಚೆಂದದ ಮಸೂರಗಳು, ಸ್ಪ್ರಿಂಗ್ ತಕ್ಕಡಿಗಳು ಇವೆ. ಒಡೆದರೆ ಶಿಕ್ಷಕರೇ ಹೊಣೆ ಎಂಬ ನಿಮ್ಮ ಆದೇಶವನ್ನು ಬೀರುವಿನ ಗಾಜಿಗೇ ಅಂಟಿಸಿರುವುದರಿಂದ ಈಗ ಒಳಗೆ ಏನಿದೆಯೆಂಬುದೂ ಸರಿಯಾಗಿ ಕಾಣುವುದಿಲ್ಲ.

ಓದಿದೆ. ನಗಬೇಕಾದಲ್ಲಿ ನಕ್ಕೆ. ಮಕ್ಕಳೂ ಇಲ್ಲ ಎನ್ನಬೇಕಾದಲ್ಲಿ ಇಲ್ಲ ಎಂದರು. ತೂಕದ ಅಧ್ಯಾಯ ಬರುವವರೆಗೆ ನಮ್ಮ ಸಂಸಾರ ಸುಖವಾಗಿಯೇ ನಡೆದಿತ್ತು.

ಅಂದು ನಾನು ಓದಿದ ವಾಕ್ಯ ಇದು: ‘ಲಿಫ್ಟ್ ಮೇಲೆ ಹೋಗುವಾಗ ಅದರಲ್ಲಿರುವವನ ತೂಕ ಹೆಚ್ಚಿದಂತೆ ತೋರುತ್ತದೆ, ಕೆಳಗೆ ಬರುವಾಗ ಕಡಿಮೆಯಾದಂತೆ ತೋರುತ್ತದೆ.’ ಓದಿ, ಮುಗುಳ್ನಕ್ಕು, ಸಂದೇಹಗಳಿವೆಯೇ ಎಂದೆ. ಕಿಟಕಿಯ ಪಕ್ಕದ ಬೆಂಚಿನಲ್ಲಿ ಪೆನ್ನಿನ ಮುಚ್ಚಳ ಕಚ್ಚುತ್ತ ಕೂತಿದ್ದ ಹುಡುಗಿ ಕೈಯೆತ್ತಿದಳು. ಮಾತಿಗೊಮ್ಮೆ ಯಾಕೆ ಯಾಕೆ ಎನ್ನುತ್ತಾಳೆಂದು ತರಗತಿ ಅವಳಿಗೆ ಯಾಕಮ್ಮ ಎಂದು ನಾಮಕರಣ ಮಾಡಿದೆ.

“ಸರ್, ತೂಕ ಹೆಚ್ಚುತ್ತೆ ಅಂದ್ರೆ, ಹೆಚ್ತಾನೇ ಹೋಗತ್ತಾ?”

“ಅಂದ್ರೆ?”

“ಐದು ಮಹಡಿಗೆ ಇಷ್ಟು ಅಂದ್ರೆ, ನೂರು ಮಹಡಿ ಇದ್ರೆ? ಮೇಲೆ ಹೋಗಿ ಇಳಿಯೋಷ್ಟರಲ್ಲಿ ಆನೆ ಥರ ಆಗಿರ್ತೀವಾ? ಬಾಗಿಲಲ್ಲಿ ಹೆಂಗೆ ಹೊರಗೆ ಬರೋದು?”

ತರಗತಿ ಗೊಳ್ಳೆಂದಿತು. ನಾನು ಪುಟ ತಿರುಗಿಸಿದೆ. ಆನೆಯ ವಿಷಯ ಎಲ್ಲೂ ಇರಲಿಲ್ಲ. ಅಡಿಟಿಪ್ಪಣಿಯ ಮೊರೆಹೊಕ್ಕು, “ಇದನ್ನ ಮುಂದಿನ ತರಗತಿಯಲ್ಲಿ ಕಲೀತೀಯಮ್ಮ,” ಎಂದೆ.

“ಎಂಟನೇ ಕ್ಲಾಸಲ್ಲೂ ಹಿಂಗೇ ಅಂದಿದ್ರು ಸರ್,” ಎಂದಳು ಅವಳು, ಒಂದಿಷ್ಟೂ ಕೊಂಕಿಲ್ಲದೆ. “ಇದೇ ಆ ಮುಂದಿನ ಕ್ಲಾಸು.”

ಮಾನ್ಯರೇ, ಆ ಕ್ಷಣದಲ್ಲಿ ನನ್ನ ಜಾಗದಲ್ಲಿ ನೀವಿದ್ದರೆ ಏನು ಮಾಡುತ್ತಿದ್ದಿರಿ? ಸುತ್ತೋಲೆ ಹೊರಡಿಸುತ್ತಿದ್ದಿರಿ, ಗೊತ್ತು. ನನಗೆ ಆ ಅಧಿಕಾರವಿಲ್ಲ. ನಾಳೆ ನೋಡೋಣ ಎಂದುಬಿಟ್ಟೆ. ಮಕ್ಕಳು ಅದನ್ನು ಮಾತು ಕೊಟ್ಟದ್ದೆಂದೇ ತಿಳಿದರು.

ನನ್ನ ಹೆಂಡತಿ ಅಂಚೆ ಕಚೇರಿಯಲ್ಲಿ ಪಾರ್ಸೆಲ್ ವಿಭಾಗದವಳು. ಹಗಲೆಲ್ಲ ಊರವರ ಗಂಟುಮೂಟೆ ತೂಗುವುದು ಸಾಲದೆಂದು ಬೆಳಗಾಗೆದ್ದು ತನ್ನನ್ನೂ ತೂಗಿಕೊಳ್ಳುತ್ತಾಳೆ. ಮುಳ್ಳು ತಿರುಗುವ, ದುಂಡು ಮುಖದ ಆ ಯಂತ್ರವನ್ನು ಒಂದು ದಿನಕ್ಕೆ ಕೊಡು ಎಂದಾಗ ಅವಳು ಅನುಮಾನದಿಂದ ನೋಡಿದಳು. ವಿಷಯ ಹೇಳಿದೆ.

“ಲಿಫ್ಟಲ್ಲಿ ಇಳೀವಾಗ ತೂಕ ಕಮ್ಮಿ ತೋರ್ಸತ್ತಾ?”

“ಹಾಗಂತ ಮಾರ್ಗಸೂಚೀಲಿದೆ.”

“ಮದ್ವೆ ಆಗಿ ಇಷ್ಟು ವರ್ಷ ಆಯ್ತು, ಈಗ ಹೇಳ್ತಿದ್ದೀರಲ್ಲ ಇದನ್ನ!” ಎಂದು ಯಂತ್ರವನ್ನು ಹಳೆಯ ಟವೆಲಿನಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಟ್ಟಳು. “ಒಡೆದು ತಂದ್ರೆ ನೀವೂ ಹೊರಗೇ ಮಲಗಿ.”

ನಮ್ಮ ಶಾಲೆಯ ಎದುರು ಒಂದು ಐದು ಮಹಡಿಯ ಕಟ್ಟಡವಿದೆ. ಕೆಳಗೆ ಚಪ್ಪಲಿ ಅಂಗಡಿ, ಮೇಲೆ ವಿಮೆಯವರು, ವಕೀಲರು, ಎಲ್ಲರಿಗಿಂತ ಮೇಲೆ ದಂತವೈದ್ಯರು. ಲಿಫ್ಟಿನಲ್ಲಿ ಸ್ಟೂಲ್ ಹಾಕಿಕೊಂಡು ಕೂರುವ ಮನುಷ್ಯನಿಗೆ ನಮ್ಮ ಉದ್ದೇಶ ಅರ್ಥ ಮಾಡಿಸುವುದೇ ಒಂದು ಪಾಠವಾಯಿತು.

“ಯಾವ ಮಹಡಿ ಮೇಷ್ಟ್ರೇ?”

“ಯಾವ ಮಹಡೀಲೂ ಕೆಲಸ ಇಲ್ಲಪ್ಪ. ಹೋಗೋದು, ಬರೋದು.”

“ಕೆಲಸ ಇಲ್ದೆ ಹೋಗೋದ್ಯಾಕೆ?”

“ಹೋಗೋದೇ ಕೆಲಸ.”

ಅವನು ನನ್ನ ಹಿಂದೆ ಸಾಲಾಗಿ ನಿಂತ ಮಕ್ಕಳನ್ನೂ ನನ್ನ ಚೀಲವನ್ನೂ ನೋಡಿ, “ಸರ್ಕಾರದ ಯೋಜನೇನಾ?” ಎಂದ. ಹೌದೂ ಅಲ್ಲ, ಇಲ್ಲವೂ ಅಲ್ಲ ಎಂಬಂತೆ ತಲೆಯಾಡಿಸಿದೆ.

ಒಂದು ಸಲಕ್ಕೆ ಐದಾರು ಮಕ್ಕಳು. ಮೊದಲು ನಾನೇ ಯಂತ್ರದ ಮೇಲೆ ನಿಂತೆ. ಮಕ್ಕಳು ನನ್ನ ಕಾಲ ಬುಡದಲ್ಲಿ ಕುಕ್ಕರಗಾಲಲ್ಲಿ ಕೂತು ಮುಳ್ಳನ್ನೇ ನೋಡತೊಡಗಿದರು. ಲಿಫ್ಟ್ ಹೊರಟಿತು. ಮುಳ್ಳು ಸರಕ್ಕನೆ ಮುಂದೆ ಜಿಗಿಯಿತು. “ಹೆಚ್ಚಾಯ್ತು! ಹೆಚ್ಚಾಯ್ತು!” ಎಂಬ ಕೂಗು. ನನಗೆ ಹೆಮ್ಮೆ, ನಿಮ್ಮ ಪುಸ್ತಕ ಸುಳ್ಳಾಡುವುದಿಲ್ಲ! ಆದರೆ ಮೊದಲ ಮಹಡಿ ದಾಟುವ ಮೊದಲೇ ಮುಳ್ಳು ತಣ್ಣಗೆ ಹಿಂದಕ್ಕೆ ಬಂದು ನನ್ನ ಮಾಮೂಲಿ ತೂಕದ ಮೇಲೆ ಕೂತುಬಿಟ್ಟಿತು. ಲಿಫ್ಟ್ ಮೇಲೇರುತ್ತಲೇ ಇದೆ, ಮುಳ್ಳು ಮಾತ್ರ ಅಲ್ಲಾಡುವುದಿಲ್ಲ. ಮೇಲೆ ನಿಲ್ಲುವ ಹೊತ್ತಿಗೆ ಇನ್ನೂ ಹಿಂದಕ್ಕೆ ಸರಿದು, ಇದ್ದ ಅಲ್ಪಪ್ರಾಣವನ್ನೂ ಇನ್ನಷ್ಟು ಅಲ್ಪ ಮಾಡಿತು.

“ಮಷೀನ್ ಕೆಟ್ಟಿದೆ ಸರ್,” ಎಂದ ಒಬ್ಬ. ನನ್ನ ಹೆಂಡತಿಯ ಮುಖ ಕಣ್ಣ ಮುಂದೆ ಬಂತು.

“ಇನ್ನೊಂದ್ಸಲ,” ಎಂದಳು ಯಾಕಮ್ಮ.

ಇಳಿದೆವು. ಹೊರಟಾಗ ತೂಕ ಕಡಿಮೆ, ನಡುವೆ ಮಾಮೂಲು. ಕೆಳಗೆ ಬಂದು ನಿಲ್ಲುವಾಗ? ಹೆಚ್ಚು! ಕೆಳಗೆ ಬರುವಾಗ ಕಡಿಮೆ ಎಂದಲ್ಲವೇ ಪುಸ್ತಕ ಹೇಳಿದ್ದು? ಮತ್ತೆ ಹತ್ತಿದೆವು. ಮತ್ತೆ ಇಳಿದೆವು. ಮಕ್ಕಳು ಬದಲಾದರು, ನಿಲ್ಲುವವರು ಬದಲಾದರು, ಮುಳ್ಳಿನ ಬುದ್ಧಿ ಬದಲಾಗಲಿಲ್ಲ. ಈ ನಡುವೆ ಕೆನ್ನೆ ಊದಿಸಿಕೊಂಡು ಅಂಗೈ ಒತ್ತಿ ಹಿಡಿದ ಒಬ್ಬ ಹಿರಿಯರು ದಂತವೈದ್ಯರ ಬಳಿ ಹೋಗಲು ಹತ್ತಿದರು. ಮೊದಲು ನರಳಿದರು, ಆಮೇಲೆ ಬಗ್ಗಿ ನೋಡಿದರು, ಆಮೇಲೆ ಅವರೂ ಯಂತ್ರದ ಮೇಲೆ ನಿಂತರು. ಅವರ ಮಹಡಿ ಬಂದರೂ ಇಳಿಯದೆ ಮತ್ತೊಂದು ಸುತ್ತು ಬಂದರು. “ಹಲ್ಲು ಎಲ್ಲಿಗೂ ಓಡಿಹೋಗಲ್ಲ,” ಎಂದು ಒಂದು ಕಡೆಯ ಬಾಯಿಂದ ಹೇಳಿದರು.

ಶಾಲೆಗೆ ಮರಳಿದ ಮೇಲೆ ಮೇಡಂಗೆ ಫೋನ್ ಮಾಡಿದೆ. ಹಿನ್ನೆಲೆಯಲ್ಲಿ ಕೂಸು ಕಿರುಚುತ್ತಿತ್ತು. ಮುಳ್ಳು ಮಾಡಿದ್ದನ್ನೆಲ್ಲ ವರದಿ ಒಪ್ಪಿಸಿ, “ಯಂತ್ರ ಕೆಟ್ಟಿದ್ಯೇನಮ್ಮ?” ಎಂದು ಕೇಳಿದೆ.

“ಯಂತ್ರ ಸರಿಯಾಗಿದೆ ಸರ್. ಗೈಡೇ ಕೆಟ್ಟಿರೋದು,” ಎಂದರು ಮೇಡಂ. “ಲಿಫ್ಟ್ ಮೇಲೆ ಹೋಗ್ತಿದೆಯಾ ಕೆಳಗೆ ಬರ್ತಿದೆಯಾ ಅನ್ನೋದು ಲೆಕ್ಕಕ್ಕಿಲ್ಲ. ಅದರ ವೇಗ ಬದಲಾಗ್ತಿದೆಯಾ ಅನ್ನೋದು ಮುಖ್ಯ. ಹೊರಡೋವಾಗ ಬದಲಾಗತ್ತೆ, ನಿಲ್ಲೋವಾಗ ಬದಲಾಗತ್ತೆ. ನಡುವೆ ಒಂದೇ ವೇಗ, ಅದಕ್ಕೇ ಮುಳ್ಳು ಸುಮ್ಮನಿರತ್ತೆ. ಅಳಬೇಡ ಕಂದ, ನಿಂಗಲ್ಲ ಹೇಳಿದ್ದು. ಹಳೇ ಪುಸ್ತಕದಲ್ಲಿ ‘ವೇಗೋತ್ಕರ್ಷದಿಂದ ಮೇಲೆ ಹೋಗುವಾಗ’ ಅಂತ ಇತ್ತು ಸರ್. ಬೇಕಾದ್ರೆ ತೆಗೆದು ನೋಡಿ.”

ತೆಗೆದು ನೋಡಿದೆ. ಇತ್ತು. ನಿಮ್ಮ ಹೊಸ ಮಾರ್ಗಸೂಚಿಯ ಮುನ್ನುಡಿಯನ್ನೂ ಓದಿದೆ: ‘ಮಕ್ಕಳ ಕಲಿಕೆಯ ಹೊರೆಯನ್ನು ಇಳಿಸುವ ಸಲುವಾಗಿ ಕಠಿಣ ಪದಗಳನ್ನು ಕೈಬಿಡಲಾಗಿದೆ.’

ಇಲ್ಲಿ ಸ್ವಲ್ಪ ನಿಲ್ಲೋಣ ಮಾನ್ಯರೇ. ಭೌತಶಾಸ್ತ್ರ ನನ್ನ ಮನೆಯಲ್ಲ, ಆದರೆ ಪದಗಳ ವಿಷಯದಲ್ಲಿ ನನಗೂ ನಾಲ್ಕು ಮಾತಾಡುವ ಹಕ್ಕಿದೆ. ‘ನಾಯಿಗೆ ಹೆದರಿ ಓಡಿದ’ ಎಂಬಲ್ಲಿ ಹೆದರಿ ಎಂಬುದು ಕಷ್ಟವೆಂದು ತೆಗೆದರೆ ‘ನಾಯಿಗೆ ಓಡಿದ’ ಎಂದಾಗುತ್ತದೆ. ಹೊರೆ ಇಳಿಯಿತು, ಸರಿ. ಅರ್ಥವೂ ಜೊತೆಗೇ ಇಳಿದುಹೋಯಿತಲ್ಲ? ವೇಗೋತ್ಕರ್ಷ ಎಂಬ ಪದ ನಾಲಿಗೆಗೆ ಒರಟೆಂಬುದು ನಿಜ. ಮೊದಲ ಸಲ ಓದಿದಾಗ ನಾನೂ ಎಡವಿದೆ. ಆದರೆ ಲಿಫ್ಟಿನೊಳಗೆ ಮುಳ್ಳು ಜಿಗಿದದ್ದನ್ನು ಕಂಡ ಮಕ್ಕಳಿಗೆ ಮರುದಿನ ಆ ಪದ ಹೇಳಿದಾಗ ಯಾರೂ ಎಡವಲಿಲ್ಲ. “ಓ, ಹೊಟ್ಟೇಲಿ ಜುಂ ಅನ್ನತ್ತಲ್ಲ, ಅದಾ?” ಎಂದರು. ಅದೇ. ಪದ ಕಷ್ಟವಾಗುವುದು ಅದರ ಹಿಂದಿನ ವಸ್ತುವನ್ನು ನೀವು ಬಚ್ಚಿಟ್ಟಾಗ. ವಸ್ತುವನ್ನು ತೋರಿಸಲು ನಮಗೆ ಒಂದು ಪೀರಿಯಡ್ ಸಾಕಿತ್ತು. ನೀವು ಪದವನ್ನೇ ಕಿತ್ತುಹಾಕಿದಿರಿ, ತೋರಿಸುವುದನ್ನು ನಿಷೇಧಿಸಿದಿರಿ, ಉಳಿದದ್ದಕ್ಕೆ ಸರಳ ಭೌತಶಾಸ್ತ್ರ ಎಂದು ಹೆಸರಿಟ್ಟಿರಿ. ಮೊದಲೇ ಸರಳವಾಗಿದ್ದ ಲಿಫ್ಟಿಗೆ ನಿಮ್ಮಿಂದ ಈ ಉಪಕಾರ ಬೇಕಿತ್ತೇ?

ಅರ್ಧವಾರ್ಷಿಕದಲ್ಲಿ ಅದೇ ಪ್ರಶ್ನೆ ಬಂತು. ಮಕ್ಕಳು ಕುಣಿದಾಡಿದರು. ಫಲಿತಾಂಶ ಬಂದಾಗ ಕುಣಿತ ನಿಂತಿತು. ಉಳಿದವರು ಅಲ್ಲಿ ಇಲ್ಲಿ ಗಳಿಸಿ ದಡ ಸೇರಿದರು. ಯಾಕಮ್ಮನಿಗೆ ಹಾಗಾಗಲಿಲ್ಲ. ಬೆಳಕಿನ ಪ್ರಶ್ನೆಗೆ ಚಿತ್ರ ಬಿಡಿಸುತ್ತ ಹೊತ್ತು ಕಳೆದಿದ್ದಳು. ಲಿಫ್ಟಿನ ಸೊನ್ನೆಯೂ ಸೇರಿ ಹತ್ತನೇ ತರಗತಿಯಿಂದಲೇ ನೀವು ತೆರೆದಿರುವ ವಿಜ್ಞಾನ ವಿಭಾಗಕ್ಕೆ ಎಳೆದಿರುವ ಗೆರೆಯಿಂದ ಕೆಳಗೆ ಬಿದ್ದಳು. ಇನ್ನು ವಾರ್ಷಿಕ ಪರೀಕ್ಷೆಯಲ್ಲಿ ಎತ್ತಿಕೊಳ್ಳಬೇಕು, ಇಲ್ಲವಾದರೆ ಅವಳಿಗೆ ವಿಜ್ಞಾನವಿಲ್ಲ. ನಮ್ಮ ಶಾಲೆಯಲ್ಲಿ ವಿಜ್ಞಾನವನ್ನು ಕೇಳಿ ಕೇಳಿ ಪಡೆಯುತ್ತಿದ್ದ ಒಬ್ಬಳೇ ಹುಡುಗಿಯನ್ನು ನಿಮ್ಮ ಮೊರ ಹೊಟ್ಟೆಂದು ಹಾರಿಸಿಬಿಟ್ಟಿತು.

ಅವಳ ತಾಯಿ ಶಾಲೆಯ ಗೇಟಿನ ಪಕ್ಕ ಜೆರಾಕ್ಸ್ ಅಂಗಡಿ ನಡೆಸುತ್ತಾರೆ. ಗಂಡ ಇಲ್ಲ, ಅಂಗಡಿ, ಮಗಳು, ಇಷ್ಟೇ ಅವರ ಲೋಕ. ಅಂಕಪಟ್ಟಿ ಬಂದ ದಿನ ನಾನು ತಲೆತಗ್ಗಿಸಿಕೊಂಡು ಅಂಗಡಿ ದಾಟುತ್ತಿದ್ದಾಗ ಕೂಗಿ ಕರೆದರು.

“ಬನ್ನಿ ಸರ್, ಒಳಗೆ ಬನ್ನಿ. ನೀವು ಲಿಫ್ಟಲ್ಲಿ ಕರ್ಕೊಂಡು ಹೋಗಿದ್ದು ತಪ್ಪು ಅಂತ ನಾನು ಹೇಳಲ್ಲ. ಅವತ್ತು ರಾತ್ರಿ ಊಟ ಮಾಡ್ತಾ ಕೂಡ ಅದೇ ಮಾತು ಇವಳದು. ಆದ್ರೆ ದಿನಾ ನಾನು ಈ ಗೈಡನ್ನೇ ಜೆರಾಕ್ಸ್ ಮಾಡ್ತೀನಿ. ಊರ ಮಕ್ಕಳೆಲ್ಲ ಇದನ್ನ ತಗೊಂಡು ಹೋಗಿ ಪಾಸಾಗ್ತಾರೆ. ನನ್ನ ಮಗಳಿಗೆ ಮಾತ್ರ ಇದರಲ್ಲಿರೋದು ಬರೆಯೋಕೆ ಏನು ಕಷ್ಟ?”

“ಅದರಲ್ಲಿರೋದು ತಪ್ಪಮ್ಮ.”

“ತಪ್ಪಾದ್ರೆ ಆಗ್ಲಿ ಸರ್. ಅಂಕ ಸರಿಯಾಗಿ ಬರತ್ತಲ್ಲ?”

ಮಾನ್ಯರೇ, ಇದಕ್ಕೆ ಉತ್ತರ ನಿಮ್ಮ ಬಳಿ ಇದೆಯೆ? ಅಂಗಡಿಯ ಮೂಲೆಯಲ್ಲಿ ಕಾಗದದ ಕಟ್ಟುಗಳ ಮೇಲೆ ಕೂತಿದ್ದ ಯಾಕಮ್ಮ ಅದೇ ಗೈಡಿನ ಹಾಳೆಗಳನ್ನು ಜೋಡಿಸಿ ಪಿನ್ನು ಹೊಡೆಯುತ್ತಿದ್ದಳು. ಅವತ್ತೇ ನಿರ್ಧಾರ ಮಾಡಿದೆ, ಮರುಪರಿಶೀಲನೆಗೆ ಅರ್ಜಿ ಹಾಕಬೇಕೆಂದು.

ನಿಮ್ಮ ಕಚೇರಿಯಿಂದ ಕರೆ ಬಂದಾಗ ಮೂವರೂ ಹೊರಟೆವು: ನಾನು, ಅವಳು, ಅಂಗಡಿಗೆ ಬಾಗಿಲೆಳೆದು ಒಲ್ಲದ ಮನಸ್ಸಿನಿಂದ ಬಂದ ಅವಳ ತಾಯಿ. ಟವೆಲಿನಲ್ಲಿ ಸುತ್ತಿದ ಯಂತ್ರವೂ ಬಂತು. ನಿಮ್ಮ ಬಾಗಿಲಲ್ಲಿ ಕಾವಲಿನವರು ಚೀಲ ಬಿಚ್ಚಿಸಿ, “ಇದೇನ್ ಸಾರ್?” ಎಂದರು. “ಸಾಕ್ಷಿ,” ಎಂದೆ. ಅವರು ಸಾಕ್ಷಿಯ ಮೇಲೆ ತಾವೊಮ್ಮೆ ನಿಂತು, ಮುಖ ಚಿಕ್ಕದು ಮಾಡಿಕೊಂಡು, ಒಳಗೆ ಬಿಟ್ಟರು.

ನಾಲ್ಕನೇ ಮಹಡಿಯಲ್ಲಿ ಮರುಪರಿಶೀಲನೆ ಮಾಡುವ ನಿಮ್ಮ ಅಧಿಕಾರಿ ಒಳ್ಳೆಯ ಮನುಷ್ಯ. ಹೆಸರು ಹೇಳುವುದಿಲ್ಲ, ಒಳ್ಳೆಯತನ ಸಾಬೀತಾದರೆ ಅವರಿಗೆ ತೊಂದರೆಯಾದೀತು. ಕುರ್ಚಿಯ ಮೇಲೆ ಎರಡು ದಿಂಬು, ಮೇಜಿನ ಮೇಲೆ ಊಟದ ಡಬ್ಬಿ. ಯಾಕಮ್ಮನ ಉತ್ತರ ಪತ್ರಿಕೆ ಬಿಡಿಸಿ, ಒಂದು ಬೆರಳು ಅದರ ಮೇಲೂ ಇನ್ನೊಂದು ಉತ್ತರ ಸೂಚಿಯ ಮೇಲೂ ಇಟ್ಟು ಸಾಲು ಸಾಲಾಗಿ ಹೊಂದಿಸಿ ನೋಡಿದರು.

“ಸೂಚಿಗೆ ಹೊಂದಾಣಿಕೆ ಆಗಲ್ಲ.”

“ಲಿಫ್ಟಿಗೆ ಆಗತ್ತೆ ಸರ್,” ಎಂದಳು ಯಾಕಮ್ಮ. ಅವಳ ತಾಯಿ ಮೊಣಕೈಯಲ್ಲಿ ತಿವಿದರು.

“ಪೇಪರ್ ತಿದ್ದೋದು ಲಿಫ್ಟಲ್ಲಮ್ಮ, ನಾವು.”

“ಹಂಗಾದ್ರೆ ನೀವು ಬನ್ನಿ ಸರ್. ಬರೀ ಒಂದ್ಸಲ.”

“ಊಟದ ಹೊತ್ತು,” ಎಂದು ಅವರು ಡಬ್ಬಿ ಎತ್ತಿಕೊಂಡು ಎದ್ದರು. ಊಟದ ಕೋಣೆ ಕೆಳಗಿರುವುದರಿಂದ ಲಿಫ್ಟಿಗೇ ಬರಬೇಕಾಯಿತು. ನಾವೂ ಹಿಂದೆಯೇ ನುಗ್ಗಿದೆವು. ಬಾಗಿಲು ಮುಚ್ಚುವಷ್ಟರಲ್ಲಿ ಯಾಕಮ್ಮ ಅವರ ಕಾಲ ಬಳಿ ಯಂತ್ರ ಇಟ್ಟಾಗಿತ್ತು. ಅವಳ ಮುಖ ನೋಡಿ ಇಲ್ಲ ಎನ್ನಲಾಗದೆ, ಬೂಟು ಸಮೇತ, ಡಬ್ಬಿ ಹಿಡಿದುಕೊಂಡೇ ಹತ್ತಿ ನಿಂತರು. ಲಿಫ್ಟ್ ಇಳಿಯತೊಡಗಿತು. ಮುಳ್ಳು ಹಿಂದಕ್ಕೆ ಹೋಯಿತು.

“ನೋಡಿ, ಕಡಿಮೆ. ಸೂಚೀಲಿರೋದು ಸರಿ,” ಎಂದರು ಗೆಲುವಿನಿಂದ.

“ಸ್ವಲ್ಪ ತಾಳಿ ಸರ್,” ಎಂದಳು ಯಾಕಮ್ಮ.

ಮುಳ್ಳು ಮರಳಿ ಬಂದು ನಿಂತಿತು. ಲಿಫ್ಟ್ ಇಳಿಯುತ್ತಲೇ ಇತ್ತು. ಅವರ ಹುಬ್ಬು ಮೇಲೇರಿತು. ನೆಲದ ಮಟ್ಟಕ್ಕೆ ಬಂದು ನಿಲ್ಲುವಾಗ ಮುಳ್ಳು ಮುಂದಕ್ಕೆ ಹಾರಿತು. ಬಾಗಿಲು ತೆರೆದರೂ ಅವರು ಇಳಿಯಲಿಲ್ಲ.

“ಅರೆ. ಇನ್ನೊಂದ್ಸಲ ಹೋಗೋಣ.”

ಮಾನ್ಯರೇ, ನಿಮ್ಮ ಕಚೇರಿಯವರು ಆ ಮಧ್ಯಾಹ್ನ ಪ್ರತಿ ಮಹಡಿಯಲ್ಲೂ ಗುಂಡಿ ಒತ್ತಿ ಒತ್ತಿ ಸುಸ್ತಾಗಿ ಮೆಟ್ಟಿಲಿಳಿದರಂತೆ. ನಾವು ಮೇಲೆ ಕೆಳಗೆ ಓಡಾಡುತ್ತಲೇ ಇದ್ದೆವು. ಡಬ್ಬಿ ಯಾಕಮ್ಮನ ತಾಯಿಯ ಕೈಗೆ ಬಂದಿತ್ತು. ಅಧಿಕಾರಿ ಕನ್ನಡಕ ತೆಗೆದು, ಒರೆಸಿ, ಹಾಕಿಕೊಂಡು, ಮಗುವಿನಂತೆ ತಮ್ಮ ಪಾದಗಳ ನಡುವೆ ಬಗ್ಗಿ ನೋಡುತ್ತಿದ್ದರು. “ನೌಕರಿಗೆ ಸೇರಿದಾಗಿಂದ ಇದೇ ಲಿಫ್ಟಲ್ಲಿ ಓಡಾಡ್ತಿದೀನಿ,” ಎಂದರು ಕೊನೆಗೆ. “ಹೊಟ್ಟೇಲಿ ಏನೋ ಆಗತ್ತೆ ಅನ್ನೋದು ಗೊತ್ತಿತ್ತು. ಗ್ಯಾಸ್ ಅಂದ್ಕೊಂಡಿದ್ದೆ.”

ಯಾಕಮ್ಮನ ತಾಯಿ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕರು. ಮಗಳಿಗೆ ಸೊನ್ನೆ ಬಂದ ಮೇಲೆ ಅವರು ನಕ್ಕದ್ದನ್ನು ನಾನು ಕಂಡಿರಲಿಲ್ಲ.

“ಹಾಗಾದ್ರೆ ಅಂಕ ಕೊಡ್ತೀರಲ್ಲ ಸರ್?” ಎಂದೆ.

ಅವರ ಮುಖ ಇಳಿಯಿತು. “ನಾನು ನೋಡಿದೆ ಮೇಷ್ಟ್ರೇ. ಸುಳ್ಳು ಹೇಳಲ್ಲ. ಆದ್ರೆ ನನ್ನ ಹತ್ರ ಎರಡೇ ಮಾತು ಬರೆಯೋಕೆ ಅವಕಾಶ. ಹೊಂದಾಣಿಕೆ ಆಗಿದೆ, ಹೊಂದಾಣಿಕೆ ಆಗಿಲ್ಲ. ನಾನು ನೋಡಿದೆ ಅಂತ ಎಲ್ಲಿ ಬರೀಲಿ?” ಎಂದು ಡಬ್ಬಿ ಇಸಿದುಕೊಂಡು ಹೋದರು. ಊಟದ ಕೋಣೆಯ ಕಡೆಗೆ ಹೋಗಲಿಲ್ಲ. ಹೊರಗೆ ಮರದ ಕಟ್ಟೆಯ ಮೇಲೆ ಒಬ್ಬರೇ ಕೂತದ್ದನ್ನು ಕಂಡೆವು.

ಮುಂದಿನ ವಾರ ನಿಮ್ಮ ಸಹಿಯಲ್ಲಿ ಎರಡು ಕಾಗದ ಬಂದವು. ಒಂದು, ಮೌಲ್ಯಮಾಪನ ಸೂಚಿಯಂತೆ ಸರಿಯಾಗಿದೆ ಎಂದು. ಇನ್ನೊಂದು, ಕಚೇರಿಯ ಲಿಫ್ಟನ್ನು ಅನಧಿಕೃತ ಪ್ರಯೋಗಕ್ಕೆ ಬಳಸಿ ಸಾರ್ವಜನಿಕರಿಗೆ ಅಡಚಣೆ ಮಾಡಿದ್ದಕ್ಕೆ ನನ್ನ ಮೇಲೆ ಏಕೆ ಕ್ರಮ ಕೈಗೊಳ್ಳಬಾರದು ಎಂದು. ಏಕೆ ಎಂದು ನೀವೂ ಕೇಳಿದ್ದೀರಲ್ಲ, ಸಂತೋಷವಾಯಿತು. ನಮ್ಮ ತರಗತಿಯಲ್ಲಿ ನಿಮಗೊಂದು ಜಾಗವಿದೆ.

ಆಟದ ಮಾತು ಇಲ್ಲಿಗೆ ಸಾಕು. ವಾರ್ಷಿಕ ಪರೀಕ್ಷೆ ಹತ್ತಿರ ಬಂದಾಗ ಯಾಕಮ್ಮ ಸಿಬ್ಬಂದಿ ಕೋಣೆಯ ಬಾಗಿಲಲ್ಲಿ ಬಂದು ನಿಂತಳು.

“ಸರ್, ಲಿಫ್ಟ್ ಪ್ರಶ್ನೆ ಮತ್ತೆ ಬಂದ್ರೆ ಸುಳ್ಳು ಬರೀಲಾ?”

ಎಂದೂ ಕೇಳಿಸಿಕೊಳ್ಳಬಾರದ ಪ್ರಶ್ನೆ ಅದು ಮಾನ್ಯರೇ. ಬರಿ ಅಂದರೆ ನಾನು ಮೇಷ್ಟ್ರಲ್ಲ. ಬರೀಬೇಡ ಅಂದರೆ ಅವಳ ಮುಂದಿನ ವರ್ಷಗಳನ್ನು ನನ್ನ ಹಠಕ್ಕೆ ಅಡವಿಟ್ಟಂತೆ. ಕೊನೆಗೆ ನಿಮ್ಮದೇ ಪರೀಕ್ಷಾ ನಿಯಮಗಳನ್ನು ತಿರುವಿ ಹಾಕಿದೆ. ಒಂದು ಪ್ರಶ್ನೆಗೆ ಎರಡು ಉತ್ತರ ಬರೆದರೆ ಮೊದಲನೆಯದನ್ನು ಮಾತ್ರ ಪರಿಗಣಿಸತಕ್ಕದ್ದು ಎಂದಿತ್ತು. ಕತ್ತಲಲ್ಲಿ ಕಿಂಡಿ ಸಿಕ್ಕಂತಾಯಿತು. ಸಂಜೆ ಅಂಗಡಿಗೆ ಹೋಗಿ ತಾಯಿ ಮಗಳನ್ನು ಕೂರಿಸಿಕೊಂಡು ಹೇಳಿದೆ: ಮೊದಲು ಮಾರ್ಗಸೂಚಿಯದ್ದು ಬರೆಯಲಿ, ಅಂಕ ಬರುತ್ತದೆ, ಅದರ ಕೆಳಗೆ ತಾನು ಕಂಡದ್ದು ಬರೆಯಲಿ, ಮನಸ್ಸಿಗೆ ನೆಮ್ಮದಿ. ತಾಯಿ ನಿಟ್ಟುಸಿರು ಬಿಟ್ಟು, “ದೇವರು ಒಳ್ಳೇದು ಮಾಡ್ಲಿ ಸರ್ ನಿಮಗೆ,” ಎಂದರು. ಯಾಕಮ್ಮ ತಲೆಯಾಡಿಸಿದಳು.

ಪ್ರಶ್ನೆ ಬಂತು. ಅಕ್ಷರವೂ ಬದಲಾಗದೆ ಬಂತು; ನಿಮ್ಮ ಪ್ರಶ್ನೆಗಳ ಉಗ್ರಾಣ ಚಿಕ್ಕದು. ಪರೀಕ್ಷೆ ಮುಗಿಸಿ ಹೊರಬಂದವಳನ್ನು ಗೇಟಿನಲ್ಲಿ ಹಿಡಿದೆವು, ನಾನೂ ಅವಳ ತಾಯಿಯೂ.

“ಎರಡೂ ಬರೆದ್ಯಾ?”

“ಬರ್ದೆ ಸರ್. ‘ಲಿಫ್ಟಿನ ಪ್ರಕಾರ’ ಅಂತ ಒಂದು, ‘ಮಾರ್ಗಸೂಚಿಯ ಪ್ರಕಾರ’ ಅಂತ ಒಂದು.”

ಅವಳು ಹೇಳಿದ ಕ್ರಮ ನನ್ನ ಕಿವಿಗೆ ಚುಚ್ಚಿತು. “ಮೊದಲು ಯಾವುದು?” ಎಂದೆ.

“ಲಿಫ್ಟಿಂದು.”

ಅವಳ ತಾಯಿ ಗೇಟಿನ ಕಂಬಿ ಹಿಡಿದುಕೊಂಡರು. “ಯಾಕೆ?” ಎಂದರು. ಆ ಮನೆಯಲ್ಲಿ ಆ ಪದವನ್ನು ಅಮ್ಮ ಮಗಳಿಗೆ ಕೇಳಿದ್ದು ಬಹುಶಃ ಅದೇ ಮೊದಲು.

“ಮೊದಲ್ನೇದನ್ನ ಮಾತ್ರ ಓದ್ತಾರೆ ಅಂದ್ರಲ್ಲ ಸರ್,” ಎಂದಳು ಯಾಕಮ್ಮ. “ಗೈಡಲ್ಲಿರೋದು ಅವರಿಗೆ ಗೊತ್ತಿರತ್ತೆ. ಗೊತ್ತಿಲ್ದೇ ಇರೋದನ್ನ ಓದ್ಲಿ ಅಂತ.”

ಮಾನ್ಯರೇ, ಆ ಪತ್ರಿಕೆ ಈಗ ನಿಮ್ಮ ಕಟ್ಟಡದ ಯಾವುದೋ ಕೋಣೆಯಲ್ಲಿ, ಯಾವುದೋ ಕಟ್ಟಿನೊಳಗೆ ಇದೆ. ಹುಡುಕುವುದು ಕಷ್ಟವಲ್ಲ, ಒಂದೇ ಪ್ರಶ್ನೆಗೆ ಎರಡು ಉತ್ತರ ಇರುವುದು ಅದೊಂದರಲ್ಲೇ. ಕಿತ್ತುಹಾಕಿದ ಪದವನ್ನು ಅದರ ಜಾಗಕ್ಕೆ ಮರಳಿ ಕರೆಸಿ. ವಾರಕ್ಕೆ ಒಂದು ಪೀರಿಯಡ್ ಮಾರ್ಗಸೂಚಿ ಮುಚ್ಚಿಡಲು ನಮಗೆ ಅನುಮತಿ ಕೊಡಿ. ನನ್ನ ಮೇಲೆ ಕ್ರಮ ಕೈಗೊಳ್ಳುವುದಿದ್ದರೆ ಧಾರಾಳವಾಗಿ ಕೈಗೊಳ್ಳಿ, ಅಡ್ಡ ಬರುವುದಿಲ್ಲ. ಆದರೆ ಫಲಿತಾಂಶ ಹೊರಡುವ ಮೊದಲು ಆ ಪತ್ರಿಕೆಯನ್ನು ತರಿಸಿಕೊಂಡು, ಬೆರಳಿಟ್ಟು ಹೊಂದಿಸದೆ, ಸುಮ್ಮನೆ ಒಮ್ಮೆ ಓದಿ. ನಿಮಗಾಗಿಯೇ ಬರೆದದ್ದು ಅದು.

ಇಂತಿ,
ನೋಟಿಸಿಗೆ ಉತ್ತರ ಬರೆಯಲೆಂದು ಕೂತು ಇದನ್ನು ಬರೆದುಬಿಟ್ಟ,
ಉಚ್ಚಾರಣೆ ಚೆನ್ನಾಗಿದೆ ಎಂಬ ಒಂದೇ ಅರ್ಹತೆಯ
ಒಂಬತ್ತನೇ ತರಗತಿಯ ಭೌತಶಾಸ್ತ್ರದ ಹಂಗಾಮಿ ಮೇಷ್ಟ್ರು